ಕಾನ್ಫರೆನ್ಸ್ ಟೂರ್ನಿಗೆ ಊರು ಗೊತ್ತುಮಾಡುವವರು ಏನು ನೋಡುತ್ತಾರೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಕಾನ್ಫರೆನ್ಸ್ ಟೂರ್ನಿಯನ್ನು ಯಾವ ಊರಿಗೆ ಕೊಡಬೇಕೆಂದು ಯಾರು, ಹೇಗೆ ನಿರ್ಧರಿಸುತ್ತಾರೆ? ಹೊಸಬರಿಗಾಗಿ ಎರಡು ಮಾತು. ಅಲ್ಲಿನ ಮೊದಲ ದರ್ಜೆಯ ಕಾಲೇಜು ತಂಡಗಳು ಮೂವತ್ತು ಚಿಲ್ಲರೆ ಕಾನ್ಫರೆನ್ಸ್‌ಗಳಾಗಿ, ಅಂದರೆ ಲೀಗುಗಳಾಗಿ, ಹಂಚಿಹೋಗಿವೆ. ಚಳಿಗಾಲವಿಡೀ ತಮ್ಮತಮ್ಮಲ್ಲೇ ಆಡಿ, ಮಾರ್ಚ್ ಮೊದಲೆರಡು ವಾರಗಳಲ್ಲಿ ಒಂದೊಂದು ಲೀಗೂ ತನ್ನದೇ ನಾಕೌಟ್ ಟೂರ್ನಿ ನಡೆಸುತ್ತದೆ. ಅದನ್ನು ಗೆದ್ದ ತಂಡಕ್ಕೆ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ.

ಪ್ರಶ್ನೆ: ನಾವು ನಾರ್ತ್ ಕ್ಯಾರೊಲಿನಾದಲ್ಲಿ, ರಾಲಿ ಪಕ್ಕದ ಕೇರಿಯಲ್ಲಿದ್ದೇವೆ. ಮಗ ಹೈಸ್ಕೂಲ್ ತಂಡದಲ್ಲಿ ಆಡುತ್ತಾನೆ. ಅವನ ದೆಸೆಯಿಂದ ನಮಗೂ ಇಲ್ಲಿನ ಲೀಗು ಎಸಿಸಿಯ ಹುಚ್ಚು ಹತ್ತಿದೆ. ಪಕ್ಕದ ಮನೆಯ ಹಿರಿಯರು ಮಾರ್ಚ್ ಬಂದರೆ ಸಾಕು, ‘ಟೂರ್ನಿ ನಮ್ಮ ರಾಜ್ಯದ ಗ್ರೀನ್ಸ್‌ಬರೊದಲ್ಲೇ ಆಗಬೇಕು, ಉಳಿದದ್ದೆಲ್ಲ ವ್ಯಾಪಾರ’ ಎಂದು ಗೊಣಗುತ್ತಾರೆ. ಲೀಗ್ ಯಾಕೆ ಬ್ರೂಕ್ಲಿನ್, ವಾಷಿಂಗ್ಟನ್ ಎಂದು ಅಲೆಯುತ್ತದೆ?

ಉತ್ತರ: ಆ ಹಿರಿಯರ ಗೊಣಗಾಟಕ್ಕೆ ಆಧಾರವಿದೆ. ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಹುಟ್ಟಿದ್ದೇ ಗ್ರೀನ್ಸ್‌ಬರೊದಲ್ಲಿ, 1953ರಲ್ಲಿ. ಮೊದಲ ಹದಿಮೂರು ಟೂರ್ನಿಗಳು ನಿಮ್ಮ ರಾಲಿಯ ರೆನಾಲ್ಡ್ಸ್ ಕಲೀಸಿಯಂನಲ್ಲಿ ನಡೆದವು. ಅದು ನಾರ್ತ್ ಕ್ಯಾರೊಲಿನಾ ಸ್ಟೇಟ್ ತಂಡದ ಸ್ವಂತ ಅಂಗಣ. ಉಳಿದವರು ತಕರಾರು ತೆಗೆಯದೇ ಇರುತ್ತಾರೆಯೇ? 1967ರಲ್ಲಿ ಟೂರ್ನಿ ಮೊದಲ ಬಾರಿಗೆ ಗ್ರೀನ್ಸ್‌ಬರೊ ಕಲೀಸಿಯಂಗೆ ಹೋಯಿತು. ಆಮೇಲೆ ಬೇರೆ ಊರುಗಳಿಗೆ ಹೋಗಿಬಂದರೂ ಮನೆ ಎಂದರೆ ಅದೇ ಎಂಬ ಭಾವನೆ ಜನರಲ್ಲಿ ಬೇರೂರಿತು.

ಆ ಕಾಲದ ಟೂರ್ನಿಗೆ ಈಗ ಇಲ್ಲದ ಒಂದು ತೂಕವೂ ಇತ್ತು. ಆಗ ಒಂದು ಲೀಗಿನಿಂದ ಒಂದೇ ತಂಡಕ್ಕೆ ಎನ್‌ಸಿಎಎ ಪ್ರವೇಶ. 1974ರಲ್ಲಿ ಗ್ರೀನ್ಸ್‌ಬರೊದಲ್ಲಿ ನಡೆದ ಫೈನಲ್ ಅನ್ನು ನಾರ್ತ್ ಕ್ಯಾರೊಲಿನಾ ಸ್ಟೇಟ್ ಹೆಚ್ಚುವರಿ ಅವಧಿಯಲ್ಲಿ 103-100ರಿಂದ ಗೆದ್ದಿತು. ಸೋತ ಮೇರಿಲ್ಯಾಂಡ್ ದೇಶದ ಅತ್ಯುತ್ತಮ ನಾಲ್ಕೈದು ತಂಡಗಳಲ್ಲಿ ಒಂದು, ಆದರೂ ಎನ್‌ಸಿಎಎ ಬಾಗಿಲು ಅದಕ್ಕೆ ಮುಚ್ಚಿತು. ಗೆದ್ದವರು ಮುಂದೆ ರಾಷ್ಟ್ರೀಯ ಚಾಂಪಿಯನ್ನರೇ ಆದರು. ಮರುವರ್ಷವೇ ನಿಯಮ ಬದಲಾಗಿ ಒಂದೇ ಲೀಗಿನ ಹಲವು ತಂಡಗಳಿಗೆ ದಾರಿ ತೆರೆಯಿತು. ಹಳಬರು ನೆನಪಿಟ್ಟುಕೊಂಡಿರುವುದು ಆ ಜೀವನ್ಮರಣದ ಟೂರ್ನಿಯನ್ನು. ಶುಕ್ರವಾರದ ಪಂದ್ಯಗಳಿಗೆ ಶಾಲೆಗಳಲ್ಲಿ ತರಗತಿಯೊಳಕ್ಕೇ ಟಿವಿ ತಳ್ಳಿಕೊಂಡು ಬಂದು ನೋಡಿದ ಕಥೆಯನ್ನು ಆ ರಾಜ್ಯದಲ್ಲಿ ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಗ್ರೀನ್ಸ್‌ಬರೊದ ನಿಜವಾದ ಬಲ ಇದ್ದದ್ದು ರಸ್ತೆಯಲ್ಲಿ. ಡ್ಯೂಕ್, ಚಾಪೆಲ್ ಹಿಲ್ (ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ), ರಾಲಿ, ವೇಕ್ ಫಾರೆಸ್ಟ್, ರಾಜ್ಯದ ಎಸಿಸಿ ತಂಡಗಳಿರುವ ಈ ನಾಲ್ಕೂ ಕಡೆಯಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ತಂಡ ಸೋತರೆ ಆ ರಾತ್ರಿಯೇ ಮನೆ, ಗೆದ್ದರೆ ಮರುದಿನ ಮತ್ತೆ ಕಾರು. ನನ್ನ ಅಳತೆಗೋಲು ಇದೇ: ಫೈನಲ್ಲಿಗೆ ಯಾವ ಊರೂ ತುಂಬುತ್ತದೆ. ಬುಧವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ, ಕೆಳಗಿನ ಕ್ರಮಾಂಕದ ಎರಡು ತಂಡಗಳ ಪಂದ್ಯಕ್ಕೆ ಯಾರು ಬರುತ್ತಾರೆ? ಕಾರಿನಲ್ಲಿ ಬರಬಲ್ಲವರು ಮಾತ್ರ. ವಿಮಾನದಲ್ಲಿ ಬರುವವರು ತಮ್ಮ ತಂಡ ಸೆಮಿಫೈನಲ್ ಮುಟ್ಟಲಿ ಎಂದು ಕಾಯುತ್ತಾರೆ. ಅಷ್ಟರಲ್ಲಿ ಟಿಕೆಟ್ ದರ ಮುಗಿಲು ಮುಟ್ಟಿರುತ್ತದೆ.

ಹಾಗಿದ್ದರೂ ಅಲೆದಾಟ ಯಾಕೆಂದರೆ, ಲೀಗೇ ಊರು ಬಿಟ್ಟು ಬೆಳೆಯಿತು. 2005ರ ಹೊತ್ತಿಗೆ ಮಯಾಮಿ, ವರ್ಜೀನಿಯಾ ಟೆಕ್, ಬಾಸ್ಟನ್ ಕಾಲೇಜ್ ಬಂದವು. 2013ರಲ್ಲಿ ಸಿರಕ್ಯೂಸ್, ಪಿಟ್ಸ್‌ಬರ್ಗ್, ನೋಟ್ರ ಡೇಮ್. ಮರುವರ್ಷ ಲೂಯಿವಿಲ್ ಬಂತು, ಹಳೇ ಸದಸ್ಯ ಮೇರಿಲ್ಯಾಂಡ್ ಬಿಗ್ ಟೆನ್ ಲೀಗಿಗೆ ಹೊರಟುಹೋಯಿತು. ಈಗಂತೂ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳೂ ‘ಅಟ್ಲಾಂಟಿಕ್ ಕರಾವಳಿ’ಯವೇ! ಹೊಸ ಸೊಸೆಯಂದಿರನ್ನು ತುಂಬಿಸಿಕೊಂಡ ಮೇಲೆ ಹಬ್ಬವನ್ನು ಒಂದು ವರ್ಷವಾದರೂ ಅವರ ತವರಿನ ಕಡೆ ಮಾಡಬೇಕಲ್ಲ. 2016ರಲ್ಲಿ ವಾಷಿಂಗ್ಟನ್, 2017 ಮತ್ತು 2018ರಲ್ಲಿ ಬ್ರೂಕ್ಲಿನ್, 2022ರಲ್ಲಿ ಮತ್ತೆ ಬ್ರೂಕ್ಲಿನ್. ನ್ಯೂಯಾರ್ಕಿನ ಟಿವಿ ಮಾರುಕಟ್ಟೆ, ಅಲ್ಲೇ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ಪತ್ರಿಕೆಗಳು, ಇವು ಲೀಗಿನ ಕಣ್ಣು ಕುಕ್ಕಿದವು.

ದೂರದ ಊರಿನ ತೊಡಕು ಏನೆಂದು ನೋಡಲು 2024 ಸಾಕು. ವಾಷಿಂಗ್ಟನ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಹತ್ತನೇ ಕ್ರಮಾಂಕದಲ್ಲಿ ಟೂರ್ನಿಗಿಳಿಯಿತು. ಮಂಗಳವಾರ ಲೂಯಿವಿಲ್, ಬುಧವಾರ ಸಿರಕ್ಯೂಸ್, ಗುರುವಾರ ಡ್ಯೂಕ್. ಶುಕ್ರವಾರ ವರ್ಜೀನಿಯಾ ವಿರುದ್ಧ ಕೊನೆಯ ಕ್ಷಣದಲ್ಲಿ ಮೈಕಲ್ ಒಕಾನಲ್ ಎಸೆದ ಮೂರಂಕದ ಚೆಂಡು ಬೋರ್ಡಿಗೆ ಬಡಿದು ಬಲೆಗೆ ಬಿದ್ದು ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು, ಅದನ್ನೂ ಗೆದ್ದರು. ಶನಿವಾರ ಚಾಪೆಲ್ ಹಿಲ್ ವಿರುದ್ಧ 84-76. ಐದು ದಿನ, ಐದು ಗೆಲುವು. ಹತ್ತನೇ ಕ್ರಮಾಂಕದ ತಂಡದ ಯಾವ ಅಭಿಮಾನಿ ತಾನೇ ಮಂಗಳವಾರವೇ ಶನಿವಾರದವರೆಗೆ ಹೋಟೆಲ್ ಕಾದಿರಿಸುತ್ತಾನೆ? ಟೂರ್ನಿ ಗ್ರೀನ್ಸ್‌ಬರೊದಲ್ಲಿದ್ದಿದ್ದರೆ ರಾಲಿಗೆ ರಾಲಿಯೇ ಸಂಜೆ ಆಫೀಸು ಬಿಟ್ಟು ಅತ್ತ ಹೊರಡುತ್ತಿತ್ತು.

ಇನ್ನೊಂದು ಅಧ್ಯಾಯ ರಾಜಕೀಯದ್ದು. ತೃತೀಯ ಲಿಂಗಿಗಳ ಶೌಚಾಲಯ ಬಳಕೆಯನ್ನು ನಿರ್ಬಂಧಿಸಿ ನಾರ್ತ್ ಕ್ಯಾರೊಲಿನಾ 2016ರಲ್ಲಿ ತಂದ ಎಚ್‌ಬಿ-2 ಕಾನೂನಿಗೆ ಪ್ರತಿಯಾಗಿ ಎಸಿಸಿ ತನ್ನ ತಟಸ್ಥ ಅಂಗಣದ ಚಾಂಪಿಯನ್‌ಷಿಪ್‌ಗಳನ್ನು ರಾಜ್ಯದಿಂದ ಹೊರಗೆ ಒಯ್ದಿತು. ಪುರುಷರ ಬ್ಯಾಸ್ಕೆಟ್‌ಬಾಲ್ ಆ ಋತುವಿನಲ್ಲಿ ಹೇಗೂ ಬ್ರೂಕ್ಲಿನ್‌ನಲ್ಲಿತ್ತು. ಏಟು ಬಿದ್ದದ್ದು ಮಹಿಳೆಯರ ಟೂರ್ನಿಗೆ: ವರ್ಷಗಳಿಂದ ಗ್ರೀನ್ಸ್‌ಬರೊದಲ್ಲಿದ್ದದ್ದು 2017ರಲ್ಲಿ ಸೌತ್ ಕ್ಯಾರೊಲಿನಾದ ಕಾನ್ವೇ ಎಂಬ ಪುಟ್ಟ ಊರಿಗೆ ಹೋಯಿತು. ವೃತ್ತಿಪರ ಲೀಗ್ ಎನ್‌ಬಿಎ ಕೂಡ ಅದೇ ವರ್ಷದ ಆಲ್‌ಸ್ಟಾರ್ ಪಂದ್ಯವನ್ನು ಷಾರ್ಲೆಟ್‌ನಿಂದ ಕಿತ್ತು ನ್ಯೂ ಆರ್ಲಿಯನ್ಸಿಗೆ ಕೊಟ್ಟಿತು. ಶಾಸನಸಭೆಯಲ್ಲಿ ಪಾಸಾದ ಮಸೂದೆಯೂ ಟೂರ್ನಿಯ ವಿಳಾಸ ಬದಲಿಸಬಲ್ಲದು ಎಂದು ಹೋಟೆಲಿನವರಿಗೂ ಅರ್ಥವಾದದ್ದು ಆಗ.

ನನ್ನ ಅಭಿಪ್ರಾಯ ಕೇಳಿದರೆ, ಷಾರ್ಲೆಟ್. ಗ್ರೀನ್ಸ್‌ಬರೊ ಕಲೀಸಿಯಂ ದೊಡ್ಡದು, ಇಪ್ಪತ್ತೆರಡು ಸಾವಿರದಷ್ಟು ಆಸನ. ಆದರೆ ಅದು ಊರ ನಡುವಿಲ್ಲ, ಪಂದ್ಯಗಳ ನಡುವಿನ ಬಿಡುವಿನಲ್ಲಿ ನಡೆದು ಹೋಗಿಬರುವಂಥ ಜಾಗ ಕಡಿಮೆ. ಷಾರ್ಲೆಟ್‌ನ ಸ್ಪೆಕ್ಟ್ರಮ್ ಸೆಂಟರ್ ಪೇಟೆಯ ಮಧ್ಯದಲ್ಲೇ ಇದೆ, ಎದುರಿಗೇ ಲೈಟ್ ರೈಲ್ ನಿಲ್ದಾಣ. ದೊಡ್ಡ ವಿಮಾನ ನಿಲ್ದಾಣವಿರುವುದರಿಂದ ಬಾಸ್ಟನ್ನಿನವರೂ ನೇರ ಬರಬಹುದು, ನೀವು ಕಾರಿನಲ್ಲಿ ಎರಡೂವರೆ ಗಂಟೆಯಲ್ಲಿ ಮುಟ್ಟಬಹುದು. ಲೀಗ್ 2023ರಲ್ಲಿ ತನ್ನ ಕಚೇರಿಯನ್ನೇ ಗ್ರೀನ್ಸ್‌ಬರೊದಿಂದ ಅಲ್ಲಿಗೆ ಸಾಗಿಸಿತು. 2025ರ ಟೂರ್ನಿಯೂ ಅಲ್ಲೇ ನಡೆಯಿತು. ನಿಮ್ಮ ನೆರೆಮನೆಯವರಿಗೆ ಇದು ರುಚಿಸಲಿಕ್ಕಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಕ್ರೀಡಾ ನಿರ್ವಹಣೆ ಓದುತ್ತಿದ್ದೇನೆ. ಆತಿಥೇಯ ನಗರದ ಆಯ್ಕೆಗೆ ಹೋಟೆಲ್, ಸಾರಿಗೆ, ಆಸನ ಎಂದು ಅಂಕ ಕೊಡುವ ಕೋಷ್ಟಕಗಳು ಪಠ್ಯದಲ್ಲಿವೆ. ನಿಜಕ್ಕೂ ಹಾಗೆಯೇ ಆಗುತ್ತದೆಯೇ?

ಉತ್ತರ: ಕೋಷ್ಟಕ ಇರುತ್ತದೆ, ಅದಕ್ಕಿಂತ ಮೊದಲು ಕ್ಯಾಲೆಂಡರ್ ಇರುತ್ತದೆ. ಟೂರ್ನಿಯ ವಾರವನ್ನು ಟಿವಿ ಮತ್ತು ಎನ್‌ಸಿಎಎ ವೇಳಾಪಟ್ಟಿ ಗಟ್ಟಿ ಮಾಡಿಬಿಟ್ಟಿರುತ್ತವೆ. ದೊಡ್ಡ ಅರೀನಾಗಳಲ್ಲಿ ಆ ಹೊತ್ತಿಗೆ ಎನ್‌ಬಿಎ ಅಥವಾ ಐಸ್ ಹಾಕಿ ತಂಡ ಬಾಡಿಗೆಗೆ ಕೂತಿರುತ್ತದೆ, ಅದನ್ನು ಒಂದು ವಾರ ಪರಊರಿಗೆ ಅಟ್ಟಬೇಕು. ಬಿಗ್ 12 ಲೀಗಿಗೆ ಕಾನ್ಸಾಸ್ ಸಿಟಿ ಅಷ್ಟು ಹಿಡಿಸಿದ್ದಕ್ಕೆ ಒಂದು ಕಾರಣ ಯಾರೂ ಗಮನಿಸುವುದಿಲ್ಲ: ಅಲ್ಲಿನ ಟಿ-ಮೊಬೈಲ್ ಸೆಂಟರ್‌ಗೆ ಎನ್‌ಬಿಎ ತಂಡವೂ ಇಲ್ಲ, ದೊಡ್ಡ ಹಾಕಿ ತಂಡವೂ ಇಲ್ಲ. 2007ರಲ್ಲಿ ಕಟ್ಟಡ ಎದ್ದಾಗ ಅದೊಂದು ಕೊರತೆ ಎಂದು ಆಡಿಕೊಂಡವರಿದ್ದರು. ಮಾರ್ಚ್‌ನಲ್ಲಿ ಅದೇ ವರವಾಯಿತು. 2010ರಿಂದ ಟೂರ್ನಿ ಊರು ಬಿಟ್ಟು ಕದಲಿಲ್ಲ.

ಕ್ಯಾಲೆಂಡರನ್ನು ಕಡೆಗಣಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಬಿಗ್ ಟೆನ್ ಉದಾಹರಣೆ. ರಟ್ಗರ್ಸ್, ಮೇರಿಲ್ಯಾಂಡ್ ಸೇರಿದ ಮೇಲೆ ಪೂರ್ವ ಕರಾವಳಿಯಲ್ಲಿ ಬಾವುಟ ನೆಡುವ ಆಸೆ ಅದಕ್ಕೆ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬೇಕು ಎಂದಿತು. ಆದರೆ ಆ ಅಂಗಣದ ಮಾಮೂಲಿ ವಾರ 1983ರಿಂದ ಬಿಗ್ ಈಸ್ಟ್ ಲೀಗಿನ ಸೊತ್ತು. ಹೀಗಾಗಿ 2018ರಲ್ಲಿ ಬಿಗ್ ಟೆನ್ ತನ್ನ ಟೂರ್ನಿಯನ್ನೇ ಒಂದು ವಾರ ಮೊದಲೇ ನಡೆಸಿತು. ಅದಕ್ಕಾಗಿ ಲೀಗ್ ಪಂದ್ಯಗಳನ್ನು ಡಿಸೆಂಬರ್ ಆರಂಭದಲ್ಲೇ ಶುರುಮಾಡಿ, ಜನವರಿ-ಫೆಬ್ರವರಿಯಲ್ಲಿ ಒತ್ತೊತ್ತಾಗಿ ಆಡಿಸಬೇಕಾಯಿತು. ಟೂರ್ನಿ ಮುಗಿದ ಮೇಲೆ ತಂಡಗಳು ಹತ್ತು ದಿನ ಕೈಕಟ್ಟಿ ಕೂತವು. ಆಮೇಲೆ ಅದು ಇಂಡಿಯಾನಾಪೊಲಿಸ್, ಷಿಕಾಗೊ ಎಂದು ತನ್ನ ನೆಲಕ್ಕೇ ಮರಳಿತು, 2024ರಲ್ಲಿ ಮಿನಿಯಾಪೊಲಿಸ್‌ಗೂ ಒಂದು ಅವಕಾಶ ಕೊಟ್ಟಿತು. ಇಂಡಿಯಾನಾಪೊಲಿಸ್‌ನಲ್ಲಿ ಹೋಟೆಲುಗಳಿಂದ ಅರೀನಾ ತನಕ ಬಹುಪಾಲು ಚಾವಣಿಯ ಸೇತುವೆಗಳಲ್ಲೇ ನಡೆಯಬಹುದು, ಮಾರ್ಚ್ ಚಳಿಯಲ್ಲಿ ಅದೂ ಒಂದು ಅಂಕವೇ.

ಹಣದ ವಿಷಯ ಚುಟುಕಾಗಿ: ಕೆಲವೆಡೆ ಲೀಗ್ ಅರೀನಾವನ್ನು ಬಾಡಿಗೆಗೆ ಹಿಡಿದು ಟಿಕೆಟ್ ಹಣವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ, ಕೆಲವೆಡೆ ನಗರ ಅಥವಾ ಅರೀನಾ ಇಷ್ಟು ಮೊತ್ತ ಗ್ಯಾರಂಟಿ ಎಂದು ಬರೆದುಕೊಡುತ್ತದೆ. ಗ್ಯಾರಂಟಿ ಕೇಳುವ ಲೀಗಿಗೆ ತನ್ನ ಅಭಿಮಾನಿಗಳ ಮೇಲೆ ಅಷ್ಟು ಭರವಸೆ ಇಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ.

ಪ್ರಶ್ನೆ: ಮಗಳು ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವರ ಲೀಗಿನ ಟೂರ್ನಿ ಪ್ರತಿ ವರ್ಷ ಲಾಸ್ ವೇಗಸ್‌ನಲ್ಲಿ. ಆ ಲೀಗಿನ ಒಂದು ಕಾಲೇಜೂ ಅಲ್ಲಿಲ್ಲ. ಜೂಜಿನ ಊರಿಗೆ ಮಕ್ಕಳನ್ನು ಯಾಕೆ ಕರೆದೊಯ್ಯುತ್ತಾರೆ?

ಉತ್ತರ: ಒಂದು ಕಾಲೇಜೂ ಅಲ್ಲಿಲ್ಲ ಎನ್ನುವುದೇ ಮುಖ್ಯ ಕಾರಣ. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಮೊದಲು ಸದಸ್ಯ ಕಾಲೇಜುಗಳ ಜಿಮ್‌ಗಳಲ್ಲೇ ಟೂರ್ನಿ ನಡೆಸುತ್ತಿತ್ತು. ಆತಿಥೇಯರಿಗೆ ಸಲೀಸು, ಮಿಕ್ಕವರಿಗೆ ಹೊಟ್ಟೆಯುರಿ. 2009ರಲ್ಲಿ ವೇಗಸ್‌ನ ಆರ್ಲಿಯನ್ಸ್ ಅರೀನಾಗೆ ಹೋದ ಮೇಲೆ ಆ ಜಗಳ ನಿಂತಿತು. ಅಲ್ಲಿನ ಆಸನ ಹತ್ತು ಸಾವಿರದೊಳಗೆ, ಈ ಲೀಗಿನ ಗಾತ್ರಕ್ಕೆ ಸರಿಹೊಂದುವಂಥದ್ದು. ಹದಿನೆಂಟು ಸಾವಿರದ ಅರೀನಾದಲ್ಲಿ ಏಳು ಸಾವಿರ ಜನ ಕೂತರೆ ಟಿವಿಯಲ್ಲಿ ಖಾಲಿ ಕುರ್ಚಿಯೇ ಕಾಣುತ್ತದೆ. ಚಿಕ್ಕ ಲೀಗಿನವರು ದೊಡ್ಡ ಕಟ್ಟಡದ ಆಸೆಗೆ ಬಿದ್ದು ಕೈಸುಟ್ಟುಕೊಳ್ಳುವುದು ಹೀಗೆ.

ಪ್ಯಾಕ್-12 ದೊಡ್ಡ ಲೀಗಾಗಿಯೂ ಅದೇ ಪಾಠ ಕಲಿಯಿತು. 2002ರಿಂದ 2012ರವರೆಗೆ ಲಾಸ್ ಏಂಜಲಿಸ್‌ನ ಸ್ಟೇಪಲ್ಸ್ ಸೆಂಟರಿನಲ್ಲಿ ನಡೆಸಿತು. ಆ ಮಹಾನಗರದಲ್ಲಿ ಟೂರ್ನಿ ನಡೆಯುತ್ತಿದೆ ಎಂಬುದೇ ಯಾರ ಅರಿವಿಗೂ ಬರುತ್ತಿರಲಿಲ್ಲ, ಆಸನಗಳು ಬಣಗುಟ್ಟುತ್ತಿದ್ದವು. 2013ರಲ್ಲಿ ವೇಗಸ್‌ಗೆ ಹೋದದ್ದೇ ತಡ, ಅರಿಜೋನಾ ಅಭಿಮಾನಿಗಳು ಕೆಂಪು ಅಂಗಿ ತೊಟ್ಟು ದಂಡುದಂಡಾಗಿ ಬರತೊಡಗಿದರು. ತಮ್ಮ ತಂಡ ಸೋತ ಮೇಲೂ ಜನ ಬೇಜಾರಿಲ್ಲದೆ ಎರಡು ದಿನ ಉಳಿಯುವ ಊರು ಅದೊಂದೇ ಇರಬೇಕು.

ಜೂಜಿನ ಆತಂಕ ನಿಮಗೊಬ್ಬರಿಗೇ ಅಲ್ಲ. ಬೆಟ್ಟಿಂಗ್ ಇರುವ ರಾಜ್ಯವೆಂದು ಎನ್‌ಸಿಎಎ ಬಹುಕಾಲ ನೆವಾಡಾಕ್ಕೆ ತನ್ನ ಚಾಂಪಿಯನ್‌ಷಿಪ್‌ಗಳನ್ನು ಕೊಡುತ್ತಿರಲಿಲ್ಲ. 2018ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೆಟ್ಟಿಂಗ್ ತಡೆಯುವ ಕೇಂದ್ರ ಕಾನೂನನ್ನು ಹೊಡೆದುಹಾಕಿದ ಮೇಲೆ ಹಲವು ರಾಜ್ಯಗಳಲ್ಲಿ ಅದು ಕಾನೂನುಬದ್ಧವಾಯಿತು, ವೇಗಸ್ ಒಂದನ್ನೇ ದೂರವಿಡುವುದಕ್ಕೆ ಅರ್ಥ ಉಳಿಯಲಿಲ್ಲ. 2028ರ ಫೈನಲ್ ಫೋರ್ ಅನ್ನೇ, ಅಂದರೆ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮತ್ತು ಫೈನಲ್‌ಗಳನ್ನೇ, ಅಲ್ಲಿಗೆ ಕೊಟ್ಟಿದ್ದಾರೆ. ನಿಮ್ಮ ಮಗಳು ಹೋಗುವುದಾದರೆ ಹೋಗಿಬರಲಿ. ಫೋನಿನಲ್ಲೇ ಪಣ ಕಟ್ಟಬಹುದಾದ ಕಾಲದಲ್ಲಿ ಊರು ನೋಡಿ ಹೆದರಿ ಪ್ರಯೋಜನವಿಲ್ಲ.

ಪ್ರಶ್ನೆ: ಸ್ವಂತ ಊರಿನಲ್ಲಿ ಆಡುವ ತಂಡಕ್ಕೆ ನಿಜವಾಗಿ ಅಷ್ಟು ಲಾಭವೇ? ಅಥವಾ ಸೋತವರ ನೆಪವೇ?

ಉತ್ತರ: ಎರಡೂ ಕಂಡದ್ದಿದೆ. ಐವಿ ಲೀಗ್ 2017ರಲ್ಲಿ ಮೊದಲ ಬಾರಿ ಟೂರ್ನಿ ಶುರುಮಾಡಿತು, ನಾಲ್ಕೇ ತಂಡಗಳದ್ದು. ಜಾಗ, ಫಿಲಡೆಲ್ಫಿಯಾದ ಪ್ಯಾಲೆಸ್ಟ್ರಾ. ಇತಿಹಾಸವುಳ್ಳ ಅಂಗಣ, ನಿಜ, ಆದರೆ ಅದು ಲೀಗಿನದೇ ಸದಸ್ಯ ಪೆನ್ (ಪೆನ್ಸಿಲ್ವೇನಿಯಾ) ವಿಶ್ವವಿದ್ಯಾಲಯದ್ದು. ಪ್ರಿನ್ಸ್‌ಟನ್ ಲೀಗಿನ ಹದಿನಾಲ್ಕೂ ಪಂದ್ಯ ಗೆದ್ದು ಅಜೇಯವಾಗಿ ಬಂತು. ಎದುರಾಳಿ ನಾಲ್ಕನೇ ಸ್ಥಾನದ ಪೆನ್, ಅದರದ್ದೇ ಮನೆಯಲ್ಲಿ. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಪ್ರಿನ್ಸ್‌ಟನ್ ಹೇಗೋ ಪಾರಾಯಿತು. ಸೋತಿದ್ದರೆ ಇಡೀ ಋತುವಿನ ದುಡಿಮೆ ಒಂದು ಮಧ್ಯಾಹ್ನದಲ್ಲಿ ನೀರಿಗೆ ಹೋಗುತ್ತಿತ್ತು, ಯಾಕೆಂದರೆ ಐವಿಯಿಂದ ಎರಡನೇ ತಂಡಕ್ಕೆ ಎನ್‌ಸಿಎಎ ಕರೆ ಸಿಗುವುದು ಕಷ್ಟ. ಮುಂದೆ ಅವರು ಟೂರ್ನಿಯನ್ನು ಸದಸ್ಯ ಕಾಲೇಜುಗಳ ನಡುವೆ ಸುತ್ತಿಸತೊಡಗಿದರು: ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್, ಕೊಲಂಬಿಯಾ, ಬ್ರೌನ್. ಅನ್ಯಾಯವನ್ನು ಸರದಿಯ ಮೇಲೆ ಹಂಚಿಕೊಂಡಂತಾಯಿತು, ಅಷ್ಟೇ. ಇಂಥ ಚಿಕ್ಕ ಲೀಗಿಗೆ ಪೇಟ್ರಿಯಟ್ ಲೀಗ್, ಅಮೆರಿಕ ಈಸ್ಟ್ ಮಾಡುವ ಕ್ರಮವೇ ವಾಸಿ: ಮೇಲಿನ ಕ್ರಮಾಂಕದ ತಂಡದ ಮನೆಯಲ್ಲೇ ಪಂದ್ಯ. ಜಿಮ್ ತುಂಬುತ್ತದೆ, ಋತುವಿಡೀ ಗೆದ್ದವರಿಗೆ ಬೆಲೆಯೂ ಸಿಗುತ್ತದೆ.

ಇತ್ತ ನೋಡಿ. ಮೌಂಟನ್ ವೆಸ್ಟ್ ಲೀಗ್ ಆಡುವುದು ವೇಗಸ್‌ನ ಥಾಮಸ್ ಆ್ಯಂಡ್ ಮ್ಯಾಕ್ ಸೆಂಟರಿನಲ್ಲಿ, ಅದು ಸದಸ್ಯ ಕಾಲೇಜು ಯುಎನ್‌ಎಲ್‌ವಿಯ (ನೆವಾಡಾ ವಿಶ್ವವಿದ್ಯಾಲಯ, ಲಾಸ್ ವೇಗಸ್) ಅಂಗಣ. ತಟಸ್ಥ ಊರು ಬೇಕೆಂದು 2004ರಿಂದ ಮೂರು ವರ್ಷ ಡೆನ್ವರ್‌ಗೆ ಒಯ್ದರು, 2007ರಲ್ಲಿ ವಾಪಸ್ ತಂದರು. ಯುಎನ್‌ಎಲ್‌ವಿ ಆ ವರ್ಷವೂ ಮರುವರ್ಷವೂ ಕಪ್ ಗೆದ್ದಾಗ ‘ನಾವು ಹೇಳಿರಲಿಲ್ಲವೇ’ ಎಂದರು ಉಳಿದವರು. ಆದರೆ ಅದೇ ತಂಡ 2010 ಮತ್ತು 2013ರ ಫೈನಲ್‌ಗಳನ್ನು ಅದೇ ನೆಲದ ಮೇಲೆ ಸೋತಿತು. ಕಾನ್ಸಾಸ್ ಸಿಟಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ನಲವತ್ತು ಮೈಲಿ, ಹಿತ್ತಲು ಎನ್ನಿ. ಆದರೂ ಮೂರೂವರೆ ಗಂಟೆ ದೂರದ ಅಯೋವಾ ಸ್ಟೇಟ್ ಅಲ್ಲಿ 2014ರಿಂದ 2024ರೊಳಗೆ ಐದು ಬಾರಿ ಗೆದ್ದಿದೆ. ಅದರ ಅಭಿಮಾನಿಗಳು ಎಷ್ಟು ಬರುತ್ತಾರೆಂದರೆ ಮಾರ್ಚ್‌ನಲ್ಲಿ ಆ ಅರೀನಾವನ್ನು, ತಮ್ಮೂರ ಹಿಲ್ಟನ್ ಕಲೀಸಿಯಂ ನೆನೆದು, ‘ಹಿಲ್ಟನ್ ಸೌತ್’ ಎಂದೇ ಕರೆಯುತ್ತಾರೆ.

ಪ್ರಶ್ನೆ: ನಡುವೆ ಏನಾದರೂ ಅವಘಡವಾದರೆ? ಬದಲಿ ಅಂಗಣ ಸಿದ್ಧವಿರುತ್ತದೆಯೇ?

ಉತ್ತರ: 2008ರ ಮಾರ್ಚ್ 14, ಶುಕ್ರವಾರ ರಾತ್ರಿ. ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಲೀಗಿನ ಟೂರ್ನಿ. ಅಲಬಾಮಾದ ಮೈಕಲ್ ರೈಲಿ ಕೊನೆಯ ಕ್ಷಣದಲ್ಲಿ ಮೂರಂಕ ಹೊಡೆದು ಮಿಸಿಸಿಪಿ ಸ್ಟೇಟ್ ವಿರುದ್ಧದ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಎಳೆದ. ಅದು ನಡೆಯುತ್ತಿದ್ದಾಗಲೇ ಸುಂಟರಗಾಳಿ ಕಟ್ಟಡಕ್ಕೆ ಅಪ್ಪಳಿಸಿತು, ಗೋಡೆ ಹರಿಯಿತು, ಮೇಲಿಂದ ಚೂರುಗಳು ಉದುರಿದವು. ಆ ಮೂರಂಕ ಬೀಳದಿದ್ದರೆ ಸಾವಿರಾರು ಜನ ಆಗ ಬೀದಿಯಲ್ಲಿರುತ್ತಿದ್ದರು. ಮಿಕ್ಕ ಪಂದ್ಯಗಳು ಜಾರ್ಜಿಯಾ ಟೆಕ್‌ನ ಅಲೆಕ್ಸಾಂಡರ್ ಮೆಮೋರಿಯಲ್ ಕಲೀಸಿಯಂಗೆ ಹೋದವು. ಅದು ಹತ್ತು ಸಾವಿರದೊಳಗಿನ ಚಿಕ್ಕ ಅಂಗಣ, ಹೀಗಾಗಿ ಟಿಕೆಟ್ ಕೊಂಡಿದ್ದ ಬಹುಪಾಲು ಜನ ಹೊರಗುಳಿದರು. ಮುಂದೂಡಿದ್ದ ಪಂದ್ಯದಿಂದಾಗಿ ಜಾರ್ಜಿಯಾ ತಂಡ ಶನಿವಾರ ಒಂದೇ ದಿನ ಎರಡು ಪಂದ್ಯ ಆಡಿ ಗೆದ್ದು, ಭಾನುವಾರ ಕಪ್ಪನ್ನೂ ಎತ್ತಿತು.

ರಾತ್ರೋರಾತ್ರಿ ಸಿಕ್ಕಿದ್ದು ಅದೇ ಊರಿನಲ್ಲಿ ಇನ್ನೊಂದು ಕಾಲೇಜು ಅಂಗಣ ಇದ್ದುದರಿಂದ. ಒಂದೇ ಅರೀನಾ ಇರುವ ಊರನ್ನು ಆರಿಸುವಾಗ ಈ ಪ್ರಶ್ನೆ ಕೇಳಿಕೊಳ್ಳಲೇಬೇಕು.

ಪ್ರಶ್ನೆ: ನಮ್ಮ ಅಂತರ ವಿಶ್ವವಿದ್ಯಾಲಯ ಬ್ಯಾಸ್ಕೆಟ್‌ಬಾಲ್ ಟೂರ್ನಿಗಳಿಗೂ ಹೀಗೆ ನಗರಗಳು ಪೈಪೋಟಿ ನಡೆಸುವ ಕಾಲ ಬಂದೀತೇ? (ಧಾರವಾಡದಿಂದ)

ಉತ್ತರ: ಸದ್ಯಕ್ಕೆ ನಮ್ಮಲ್ಲಿ ಆತಿಥ್ಯ ವಹಿಸುವುದು ವಿಶ್ವವಿದ್ಯಾಲಯ, ನಗರವಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ವಲಯವಾರು ಟೂರ್ನಿಗಳನ್ನು ಮುಂದೆ ಬಂದ ವಿವಿಗಳಿಗೆ ಹಂಚುತ್ತದೆ. ಅಲ್ಲಿ ಮೊದಲ ಪ್ರಶ್ನೆ ಹಾಸ್ಟೆಲ್ ಕೋಣೆ ಖಾಲಿ ಇದೆಯೇ, ಮೆಸ್ಸಿನಲ್ಲಿ ಇಷ್ಟು ಜನಕ್ಕೆ ಬೇಯಿಸಬಹುದೇ ಎಂಬುದು. ಪ್ರೇಕ್ಷಕ ಲೆಕ್ಕದಲ್ಲೇ ಇಲ್ಲ. ಬೆಂಗಳೂರಿಗೆ ಅರ್ಹತೆ ಇಲ್ಲವೆಂದಲ್ಲ: 2017ರಲ್ಲಿ ಕಂಠೀರವ ಒಳಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ವಿಭಾಗ ನಡೆದು, ಭಾರತ ಫೈನಲ್ಲಿನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. 2022ರಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನೂ ನಗರ ನಡೆಸಿತು. ಆದರೆ ಹಳೆಯ ವಿದ್ಯಾರ್ಥಿ ತನ್ನ ವಿವಿ ತಂಡಕ್ಕಾಗಿ ಧಾರವಾಡದಿಂದ ಬಸ್ಸು ಹತ್ತುವ ತನಕ ಯಾವ ನಗರವೂ ಪೈಪೋಟಿಗೆ ಇಳಿಯದು. ಮೊದಲು ವೇಳಾಪಟ್ಟಿಯನ್ನು ಎರಡು ತಿಂಗಳು ಮುಂಚೆ ಪ್ರಕಟಿಸಲಿ ನೋಡೋಣ.

ಪ್ರಶ್ನೆ: ಮಾರ್ಚ್‌ನಲ್ಲಿ ಅಪ್ಪ ಅಮ್ಮ ಊರಿಂದ ಷಾರ್ಲೆಟ್‌ಗೆ ಬಂದಿರುತ್ತಾರೆ. ಅಲ್ಲೇ ಎಸಿಸಿ ಟೂರ್ನಿ ಇದ್ದರೆ ಒಂದು ದಿನ ಕರೆದೊಯ್ಯಬೇಕು. ಯಾವ ದಿನ ಒಳ್ಳೆಯದು?

ಉತ್ತರ: ಗುರುವಾರ, ಕ್ವಾರ್ಟರ್‌ಫೈನಲ್. ಮೊದಲ ನಾಲ್ಕು ಕ್ರಮಾಂಕದ ತಂಡಗಳು ಕಣಕ್ಕಿಳಿಯುವುದೇ ಅಂದು. ನಾಲ್ಕು ಪಂದ್ಯ, ಮಧ್ಯಾಹ್ನ ಎರಡು, ಸಂಜೆ ಎರಡು, ಒಂದೊಂದು ಹೊತ್ತಿಗೂ ಬೇರೆ ಟಿಕೆಟ್. ಹಿರಿಯರಿಗೆ ಮಧ್ಯಾಹ್ನದ್ದೇ ಸಾಕು, ಸಂಜೆಯದು ಮುಗಿಯುವಾಗ ನಡುರಾತ್ರಿ ಹತ್ತಿರವಾಗುತ್ತದೆ. ತುಂಬ ಮೊದಲೇ ಕೊಳ್ಳಬೇಡಿ. ಬುಧವಾರ ಸೋತ ತಂಡಗಳ ಅಭಿಮಾನಿಗಳು ಆ ರಾತ್ರಿಯೇ ತಮ್ಮ ಟಿಕೆಟ್‌ಗಳನ್ನು ಮರುಮಾರಾಟಕ್ಕೆ ಹಾಕುತ್ತಾರೆ, ದರ ಇಳಿಯುತ್ತದೆ. ಮೇಲಿನ ಅಂತಸ್ತಿನ ಮೆಟ್ಟಿಲು ಕಡಿದಾಗಿರುತ್ತವೆ, ಅಮ್ಮನಿಗೆ ಮಂಡಿನೋವಿದ್ದರೆ ಎರಡು ಕಾಸು ಹೆಚ್ಚಾದರೂ ಕೆಳಗಿನದ್ದೇ ನೋಡಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಹೊರಗಿನ ತಿಂಡಿಯನ್ನೂ ಬಿಡುವುದಿಲ್ಲ. ಚಕ್ಕುಲಿ ಡಬ್ಬಿ ಕಾರಿನಲ್ಲೇ ಇರಲಿ.